ಚರಂಡಿಗೆ ಬಿಟ್ಟ ನೀರು

ಚನ್ನರಾಯಪಟ್ಟಣದ ಕಡೆಯ ನಮ್ಮೂರಿನ ಶುದ್ಧ ಕುಡಿಯುವ ನೀರಿನ ಘಟಕಕ್ಕೆ ನಾಣ್ಯ ಹಾಕಿದರೆ ಕ್ಯಾನು ತುಂಬುತ್ತದೆ. ಹಿಂಬದಿಯಲ್ಲಿ ಇನ್ನೊಂದು ಪೈಪಿದೆ. ಬೋರ್‌ವೆಲ್ಲಿನ ಗಡಸನ್ನೆಲ್ಲ ಹೊತ್ತ ನೀರು ಅದರಿಂದ ಹಗಲೆಲ್ಲ ಚರಂಡಿಗೆ ಹರಿಯುತ್ತದೆ. ಕೇಳಿದರೆ, "ಅದು ವೇಸ್ಟ್ ನೀರು ಮೇಡಂ, ಬಿಡಿ" ಎನ್ನುತ್ತಾರೆ.

ಏಕೆ ಬಿಡಬೇಕು? ಕೊಲ್ಲಿ ದೇಶಗಳು ಸಮುದ್ರದ ನೀರನ್ನು ಸಿಹಿ ಮಾಡಿ, ಉಳಿದ ಉಪ್ಪುನೀರನ್ನು ಮತ್ತೆ ಸಮುದ್ರಕ್ಕೇ ಸುರಿಯುತ್ತವೆ. ಅದರಲ್ಲಿರುವ ಮೆಗ್ನೀಸಿಯಂನಿಂದ ಸಿಮೆಂಟು ಮಾಡಬಹುದೆಂದು ವಾಯಿಲ್ ಅಲ್ ಅವಾರ್ ಮತ್ತು ಕೆನಿಚಿ ತೆರಾಮೊಟೊ ಎಂಬ ವಾಸ್ತುಶಿಲ್ಪಿಗಳು 2021ರ ವೆನಿಸ್ ಪ್ರದರ್ಶನದಲ್ಲಿ ಕಟ್ಟಿಯೇ ತೋರಿಸಿದರು. ಯುಎಇಗೆ ಚಿನ್ನದ ಸಿಂಹ ಪ್ರಶಸ್ತಿ ಬಂತು. ನಮ್ಮ ಮಾಮೂಲಿ ಸಿಮೆಂಟಿಗೆ ಸುಣ್ಣದಕಲ್ಲನ್ನು ಸುಮಾರು 1450 ಡಿಗ್ರಿಯಲ್ಲಿ ಸುಡಬೇಕು; ಉರುವಲಿನ ಹೊಗೆಯ ಜೊತೆಗೆ ಕಲ್ಲೇ ಇಂಗಾಲದ ಡೈಆಕ್ಸೈಡ್ ಬಿಡುತ್ತದೆ. ಇವರ ಸಿಮೆಂಟು ಅದೇ ಅನಿಲವನ್ನು ಹೀರಿ ಗಟ್ಟಿಯಾಗುತ್ತದೆ.

ನಮ್ಮ ಚರಂಡಿ ನೀರಿನಿಂದ ಸಿಮೆಂಟು ತೆಗೆಯಿರಿ ಎನ್ನುವಷ್ಟು ಪೆದ್ದಿ ನಾನಲ್ಲ. ಸಮುದ್ರದ ಒಂದು ಲೀಟರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ, ನಮ್ಮದರಲ್ಲಿ ಅಷ್ಟೆಲ್ಲಿ? ಆದರೆ ಅಷ್ಟಿಲ್ಲದ್ದರಿಂದಲೇ ಅದು ಕೆಲಸಕ್ಕೆ ಬರಬಹುದು. ಕಬ್ಬಿಣ ಹಾಕಿದ ಕಾಂಕ್ರೀಟಿನ ನೀರಿನಲ್ಲಿ ಕ್ಲೋರೈಡು ಲೀಟರಿಗೆ 500 ಮಿಲಿಗ್ರಾಂ ಮೀರಬಾರದೆಂದು ಐಎಸ್ 456 ಹೇಳುತ್ತದೆ, ಸಲ್ಫೇಟಿಗೂ ಮಿತಿಯಿದೆ. ಪರೀಕ್ಷೆ ಮಾಡಿಸಿ. ಮಿತಿಯೊಳಗಿದ್ದರೆ ಗಾರೆ ಕಲಸಿ, ಇಟ್ಟಿಗೆ ನೆನೆಸಿ, ಮೀರಿದರೆ ಶಾಲೆಯ ಕಕ್ಕಸಿಗೆ ಬಿಡಿ.

ಘಟಕದ ಎದುರಿಗೇ ಮನೆ ಕಟ್ಟುತ್ತಿದ್ದಾರೆ. ಕ್ಯೂರಿಂಗಿಗೆ ದುಡ್ಡು ಕೊಟ್ಟು ಟ್ಯಾಂಕರ್ ತರಿಸುತ್ತಾರೆ! ಘಟಕಕ್ಕೆ ಬಣ್ಣ ಹೊಡೆಸಿ, ಫಲಕ ಹಾಕಿಸಿದವರಿಗೆ ಹಿಂದೊಂದು ತೊಟ್ಟಿ ಕಟ್ಟಿಸಲು ಏಕೆ ತೋಚಲಿಲ್ಲ?