'ನಮ್ಮ ವಿದ್ಯುತ್ ನಮಗೇ' ಎನ್ನುವವರಿಗೆ

ಬೇಸಿಗೆ ಬಂದು ಲೋಡ್‌ಶೆಡ್ಡಿಂಗ್ ಶುರುವಾದೊಡನೆ ನಮ್ಮಲ್ಲೊಂದು ಕೂಗು ಏಳುತ್ತದೆ: 'ನಮ್ಮ ವಿದ್ಯುತ್ ನಮಗೇ ಇರಲಿ.' ಕೇಳಲು ಹಿತವಾದ ಮಾತು. ಆದರೆ ಯಾವುದು ನಮ್ಮ ವಿದ್ಯುತ್? ಶಕ್ತಿನಗರದ ರಾಯಚೂರು ಉಷ್ಣ ವಿದ್ಯುತ್ ಸ್ಥಾವರದಲ್ಲಿ ಉರಿಯುವ ಕಲ್ಲಿದ್ದಲು ಸಿಂಗರೇಣಿಯಂಥ ಹೊರರಾಜ್ಯದ ಗಣಿಗಳಿಂದ ಬರುತ್ತದೆ. ಅದಕ್ಕೆ ನೀರು ಕೊಡುವ ಕೃಷ್ಣೆ ಹುಟ್ಟುವುದು ಮಹಾರಾಷ್ಟ್ರದಲ್ಲಿ. ಪೂರ್ತಿಯಾಗಿ ನಮ್ಮದೆಂದು ಹೇಳಿಕೊಳ್ಳಬಹುದಾದದ್ದು ಅಲ್ಲಿನ ಹಾರುಬೂದಿ ಮಾತ್ರ. ಅದನ್ನು ಉಸಿರಾಡುವವರು ಸುತ್ತಲಿನ ಹಳ್ಳಿಯವರು.

ಒಂಟಿಯಾಗಿದ್ದಾಗಿನ ಕಷ್ಟವನ್ನು ನಾವು ಬೇಗ ಮರೆತಿದ್ದೇವೆ. 2013ರ ಕೊನೆಯವರೆಗೂ ದಕ್ಷಿಣದ ರಾಜ್ಯಗಳ ಜಾಲ ಒಂದು ದ್ವೀಪವಾಗಿತ್ತು. ಹೊರಗಿನಿಂದ ವಿದ್ಯುತ್ ಬರಲು ಇದ್ದದ್ದು ತಾಲ್ಚೇರ್-ಕೋಲಾರದಂಥ ಕೆಲವೇ ಡಿ.ಸಿ. ಸಂಪರ್ಕಗಳು. ಬೇರೆಡೆ ವಿದ್ಯುತ್ ಮಿಕ್ಕಿದ್ದರೂ ತರಲು ಸಾಕಷ್ಟು ದಾರಿಯಿರಲಿಲ್ಲ. ದೊಡ್ಡ ಕಾರ್ಖಾನೆಗಳಿಗೆ ಜನರೇಟರ್ ಇತ್ತು, ಅನುಕೂಲಸ್ಥರ ಮನೆಗೆ ಯು.ಪಿ.ಎಸ್. ಬಂತು. ಸಂಕಷ್ಟಕ್ಕೆ ಸಿಕ್ಕಿದವರು ಪಂಪ್‌ಸೆಟ್ಟಿನ ರೈತ, ಮಗ್ಗದ ನೇಕಾರ, ವೆಲ್ಡಿಂಗ್ ಅಂಗಡಿಯ ಹುಡುಗ, ಪರೀಕ್ಷೆಗೆ ಕೂತ ಮಕ್ಕಳು. 2013ರ ಡಿಸೆಂಬರ್ 31ರಂದು 765 ಕಿಲೋವೋಲ್ಟಿನ ರಾಯಚೂರು-ಸೊಲ್ಲಾಪುರ ಮಾರ್ಗ ಚಾಲನೆಗೊಂಡು ಇಡೀ ದೇಶ ಒಂದೇ ಜಾಲವಾಯಿತು.

ಜೋಡಣೆಯನ್ನು ವಿರೋಧಿಸುವವರು 2012ರ ಜುಲೈ 30 ಮತ್ತು 31ನ್ನು ನೆನಪಿಸುತ್ತಾರೆ. ಉತ್ತರ ಭಾರತ ಕತ್ತಲಲ್ಲಿ ಮುಳುಗಿದಾಗ ದಕ್ಷಿಣ ಪಾರಾಗಿತ್ತು, ನಿಜ. ಆದರೆ ಆ ಅನಾಹುತದ ದೊಡ್ಡ ಕಾರಣಗಳಲ್ಲೊಂದು, ರಾಜ್ಯಗಳು ತಮ್ಮ ಪಾಲಿಗಿಂತ ಹೆಚ್ಚು ಎಳೆದುಕೊಂಡದ್ದು. ಪಂಕ್ತಿಯಲ್ಲಿ ಒಬ್ಬ ಎರಡು ಎಲೆಯ ಊಟ ಕಸಿದರೆ ಪಂಕ್ತಿ ಭೋಜನವನ್ನೇ ನಿಲ್ಲಿಸುತ್ತೇವೆಯೇ? ಕಸಿಯುವವನ ಕೈ ಹಿಡಿಯಬೇಕು.

2023ರ ಬರ ಇದಕ್ಕೆ ಉತ್ತರ ಕೊಟ್ಟಿತು. ಜಲಾಶಯಗಳು ಬತ್ತಿ, ಪಂಪ್‌ಸೆಟ್ಟುಗಳ ಬೇಡಿಕೆ ಏರಿದಾಗ ಕರ್ನಾಟಕ ಉತ್ತರ ಪ್ರದೇಶ ಮತ್ತು ಪಂಜಾಬಿನ ಮೊರೆ ಹೋಯಿತು. ಈಗ ಪಡೆದು ಮುಂದೆ ಹಿಂದಿರುಗಿಸುವ ಕೈಗಡದ ಒಪ್ಪಂದವದು. 'ನಮ್ಮದು ನಮಗೇ' ಎಂದು ಅವರೂ ಹೇಳಿದ್ದರೆ?

ಹಾಗೆಂದು ತಂತಿ ಎಳೆದ ಮಾತ್ರಕ್ಕೆ ನ್ಯಾಯ ಸಿಕ್ಕಿತೆಂದು ನಾವು ಹೇಳುತ್ತಿಲ್ಲ. 2022ರ ಮಾರ್ಚಿನಲ್ಲಿ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ಯೂನಿಟ್ಟಿನ ದರ 20 ರೂಪಾಯಿ ಮುಟ್ಟಿತ್ತು. ಕೇಂದ್ರ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಮಧ್ಯೆ ಬಂದು 12 ರೂಪಾಯಿಯ ಮಿತಿ ಹಾಕಬೇಕಾಯಿತು. ಕೊರತೆಯ ಹೊತ್ತಿನಲ್ಲಿ ಹಣವಿದ್ದವನಿಗೆ ಬೆಳಕು, ಇಲ್ಲದವನಿಗೆ ಕತ್ತಲೆ ಎಂದಾದರೆ ಅದು ಜೋಡಣೆಯಲ್ಲ, ಸಂತೆ. ನೀರು, ಹುಲ್ಲುಗಾವಲು ಮತ್ತು ಬೆಂಕಿಯಲ್ಲಿ ಎಲ್ಲರಿಗೂ ಪಾಲಿದೆ ಎಂಬುದು ಇಸ್ಲಾಮ್ ಕಲಿಸಿದ ಹಳೆಯ ಪಾಠ. ಇಂದಿನ ಬೆಂಕಿ ತಂತಿಯಲ್ಲಿ ಹರಿಯುತ್ತಿದೆ.

ಆದ್ದರಿಂದ ನಮ್ಮ ಬೇಡಿಕೆ ಬೇಲಿಯದ್ದಲ್ಲ, ನ್ಯಾಯದ್ದು. ಪಾಲು ಮೀರುವ ರಾಜ್ಯಕ್ಕೆ, ಅದು ನಮ್ಮದೇ ಆಗಿದ್ದರೂ, ಕಡಿವಾಣ ಬೀಳಲಿ. ಕೊರತೆಯನ್ನೇ ಬಂಡವಾಳ ಮಾಡಿಕೊಳ್ಳುವವರ ದರಕ್ಕೆ ಬಿಗಿ ಮಿತಿಯಿರಲಿ. ಬೂದಿ ಉಸಿರಾಡುವ ಹಳ್ಳಿಗೆ, ಗೋಪುರಕ್ಕೆ ಹೊಲ ಬಿಟ್ಟ ರೈತನಿಗೆ ಮೊದಲು ವಿದ್ಯುತ್ ಸಿಗಲಿ. ಇವನ್ನು ಕೇಳುವ ಬದಲು ನೆರೆಯವನನ್ನು ಬೈಯುತ್ತಾ ಕೂತರೆ ಯಾರ ಮನೆಯ ದೀಪವೂ ಹತ್ತುವುದಿಲ್ಲ.