ಹೆಸರು ಬದಲಾದರೆ ಜಿಲ್ಲೆ ಬದಲಾಗುತ್ತದೆಯೇ?

ಬಳ್ಳಾರಿಯಿಂದ ರಾತ್ರಿ ಬಸ್ಸು ಹತ್ತಿದವರು ಬೆಳಗಿನ ಜಾವ ದಾಬಸ್‌ಪೇಟೆ, ನೆಲಮಂಗಲ ದಾಟಿ ಬೆಂಗಳೂರು ಸೇರುತ್ತಾರೆ. ಹಂಪಿ ಎಕ್ಸ್‌ಪ್ರೆಸ್ ಹಿಡಿದವರು ದೊಡ್ಡಬಳ್ಳಾಪುರದ ಮೂಲಕ ಹೋಗುತ್ತಾರೆ. ವಿಮಾನ ಇಳಿಯುವುದೂ ದೇವನಹಳ್ಳಿಯಲ್ಲೇ. ಅಂದರೆ ಸಿರುಗುಪ್ಪ, ಕುರುಗೋಡು ಕಡೆಯಿಂದ ಕೆಲಸ ಹುಡುಕಿ ಹೊರಟ ನಾವು ರಾಜಧಾನಿಗಿಂತ ಮೊದಲು ಮುಟ್ಟುವುದು ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು. ಈ ಜಿಲ್ಲೆಗೆ 'ಬೆಂಗಳೂರು ಉತ್ತರ' ಎಂದು ಹೆಸರಿಡಲು 2025ರ ಜುಲೈ 2ರಂದು ನಂದಿಬೆಟ್ಟದಲ್ಲಿ ನಡೆದ ಸಚಿವ ಸಂಪುಟ ಸಭೆ ನಿರ್ಧರಿಸಿತು. ಅದೇ ವರ್ಷದ ಮೇ ತಿಂಗಳಲ್ಲಿ ರಾಮನಗರ ಜಿಲ್ಲೆಗೆ 'ಬೆಂಗಳೂರು ದಕ್ಷಿಣ' ಎಂಬ ಹೆಸರನ್ನು ಸಂಪುಟ ಒಪ್ಪಿತ್ತು.

1986ರಲ್ಲಿ ಬೆಂಗಳೂರು ಜಿಲ್ಲೆಯನ್ನು ನಗರ, ಗ್ರಾಮಾಂತರ ಎಂದು ಎರಡಾಗಿ ಮಾಡಿದಾಗ ಗ್ರಾಮಾಂತರಕ್ಕೆ ಎಂಟು ತಾಲ್ಲೂಕುಗಳಿದ್ದವು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೇರಿ ಹೊಸ ಜಿಲ್ಲೆಯಾಯಿತು. ಉಳಿದದ್ದು ದೇವನಹಳ್ಳಿ, ದೊಡ್ಡಬಳ್ಳಾಪುರ, ಹೊಸಕೋಟೆ, ನೆಲಮಂಗಲ. ಪಶ್ಚಿಮದ ನೆಲಮಂಗಲದಿಂದ ಪೂರ್ವದ ಹೊಸಕೋಟೆವರೆಗೆ ಈ ಜಿಲ್ಲೆ ನಗರದ ನೆತ್ತಿಗೆ ಕಟ್ಟಿದ ಪೇಟದ ಹಾಗಿದೆ. ಪುಣೆ, ಹೈದರಾಬಾದ್, ಚೆನ್ನೈ ಹೆದ್ದಾರಿಗಳು ಇದನ್ನು ಹಾದೇ ಹೋಗಬೇಕು. ಆದರೆ ಸಿರುಗುಪ್ಪಕ್ಕೆ ತುಂಗಭದ್ರೆ ಇದ್ದಂತೆ ಇಲ್ಲಿ ವರ್ಷವಿಡೀ ಹರಿಯುವ ನದಿ ಇಲ್ಲ. ಬೆಂಗಳೂರಿನ ಕೊಳಚೆ ನೀರನ್ನು ಸಂಸ್ಕರಿಸಿ ಕೆರೆ ತುಂಬಿಸುವ ಯೋಜನೆಗೆ ಕಾಯುವ ಊರುಗಳಿವೆ.

ಆಡಳಿತದ ಕಥೆ ಇನ್ನೂ ವಿಚಿತ್ರ. ಸುಮಾರು ಮೂರು ದಶಕ ಈ ಜಿಲ್ಲೆಯ ಜಿಲ್ಲಾಧಿಕಾರಿ ಕಚೇರಿ ಇದ್ದದ್ದು ಬೆಂಗಳೂರು ನಗರದ ಒಳಗೆ! ಜಿಲ್ಲೆಯ ರೈತ ತನ್ನ ಜಿಲ್ಲಾಡಳಿತ ಕಾಣಲು ಜಿಲ್ಲೆ ಬಿಟ್ಟು ಹೋಗಬೇಕಿತ್ತು. ದೇವನಹಳ್ಳಿ ಸಮೀಪದ ಬೀರಸಂದ್ರದಲ್ಲಿ ಜಿಲ್ಲಾಡಳಿತ ಭವನ ಆದಮೇಲಷ್ಟೇ ಅದು ತಪ್ಪಿತು. ಜನರಿಗೆ ನಿಜವಾದ ಬದಲಾವಣೆ ಎಂದರೆ ಅದು.

ಇದು ನಮಗೆ ಚೆನ್ನಾಗಿ ಗೊತ್ತಿರುವ ಪಾಠ. 2021ರಲ್ಲಿ ವಿಜಯನಗರ ಜಿಲ್ಲೆಯಾದಾಗ ಬಳ್ಳಾರಿಗೆ ಉಳಿದದ್ದು ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ, ಸಂಡೂರು ಎಂಬ ಐದೇ ತಾಲ್ಲೂಕು. ಬಳ್ಳಾರಿಯಲ್ಲಿ ಬೇಸರಪಟ್ಟವರು ಬಹಳ. ಆದರೆ ಹೂವಿನಹಡಗಲಿಯವರಿಗೆ, ಹರಪನಹಳ್ಳಿಯವರಿಗೆ ಹೊಸಪೇಟೆಯಿಂದ ಬಳ್ಳಾರಿವರೆಗಿನ ಸುಮಾರು 60 ಕಿ.ಮೀ. ಅಲೆದಾಟ ಉಳಿಯಿತು. ಗಡಿ ಎಳೆಯುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಿಲ್ಲ.

ಹೆಸರಿನ ಬದಲಾವಣೆಗೆ ಕೊಡುವ ಕಾರಣ ಬೇರೆ. 'ಬೆಂಗಳೂರು' ಎಂಬ ಬ್ರ್ಯಾಂಡ್ ಇದ್ದರೆ ಹೂಡಿಕೆ ಬರುತ್ತದೆ, ಉದ್ಯೋಗ ಹುಟ್ಟುತ್ತದೆ ಎನ್ನುತ್ತಾರೆ. ಇರಬಹುದು. ಆದರೆ ಹೆಸರಿನ ಜೊತೆಗೆ ಏರುವುದು ನೆಲದ ಬೆಲೆ. ಆಮೇಲೆ ಪ್ರಶ್ನೆ ಬರುವುದು ನೆಲ ಯಾರದು ಎಂದು. ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯಲ್ಲಿ 1,777 ಎಕರೆ ಉಳಿಸಿಕೊಳ್ಳಲು ರೈತರು ಮೂರು ವರ್ಷಕ್ಕೂ ಹೆಚ್ಚು ಕಾಲ ಧರಣಿ ಕೂತರು. ಸ್ವಾಧೀನ ಕೈಬಿಟ್ಟಿದ್ದಾಗಿ ಸರ್ಕಾರ ಹೇಳಿದ್ದು 2025ರ ಜುಲೈ 15ರಂದು, ಹೆಸರು ಬದಲಿಸಿ ಹದಿಮೂರು ದಿನಕ್ಕೆ. ಹೆಸರಿಗೆ ಒಂದು ಸಭೆ ಸಾಕಾಯಿತು, ಹೊಲಕ್ಕೆ ಮೂರು ವರ್ಷ ಬೇಕಾಯಿತು.

ನಮ್ಮಲ್ಲೂ ಕುಡತಿನಿ ಸುತ್ತಲಿನ ರೈತರು ಉಕ್ಕಿನ ಕಾರ್ಖಾನೆಗಳಿಗೆಂದು ಭೂಮಿ ಕೊಟ್ಟು ಒಂದೂವರೆ ದಶಕ ಕಳೆಯಿತು. ಕಾರ್ಖಾನೆ ಆರಂಭಿಸಿ, ಇಲ್ಲವೇ ಭೂಮಿ ವಾಪಸ್ ಕೊಡಿ ಎಂದು ಅವರೂ ಧರಣಿ ಕೂತವರೇ. ಅಲ್ಲಿ ಉದ್ಯಮ ಬಂದು ಹೊಲ ಹೋಗುವ ಭಯ, ಇಲ್ಲಿ ಹೊಲ ಹೋಗಿಯೂ ಉದ್ಯಮ ಬಾರದ ಸಂಕಟ.

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಗೆಳೆಯರು ಹೊಸ ಹೆಸರುಗಳನ್ನು ನೋಟ್ಸಿನಲ್ಲಿ ಬರೆದುಕೊಂಡಿರುತ್ತಾರೆ; ಬರೆದುಕೊಳ್ಳಲೇಬೇಕು. ಪಕ್ಕದಲ್ಲೇ ಮೂರು ಪ್ರಶ್ನೆಗಳಿಗೂ ಜಾಗ ಬಿಡಿ: ಕಚೇರಿ ಹತ್ತಿರ ಬಂತೇ? ನೀರು ಬಂತೇ? ನೆಲ ಕೊಟ್ಟವರ ಮಕ್ಕಳಿಗೆ ಕೆಲಸ ಸಿಕ್ಕಿತೇ? ಮೂರಕ್ಕೂ ಹೌದು ಎನ್ನುವಂತಿದ್ದರೆ ಆ ಜಿಲ್ಲೆಯನ್ನು ಯಾವ ಹೆಸರಿನಿಂದ ಕರೆದರೂ ನಡೆದೀತು.