ಹಿತ್ತಲ ಗಿಡವೂ ಮದ್ದೇ



ಸಿನಿಮಾದಲ್ಲಿ ಬಂದರೆ ಮಾತ್ರ ಹಾಡು, ಟಿವಿಯಲ್ಲಿ ಕಂಡರೆ ಮಾತ್ರ ಹಾಡುಗಾರರು ಎಂದು ನಾವೆಲ್ಲ ತಿಳಿದುಕೊಂಡಿದ್ದೇವೆ. ಇದು ಸರಿಯಲ್ಲ ಎಂಬುದು ನನ್ನ ಅನಿಸಿಕೆ. ಯಾಕೆ ಅಂತ ಹೇಳ್ತೀನಿ. ಪೂರ್ತಿ ಓದಿ, ಆಮೇಲೆ ಬೇಕಾದರೆ ಬೈಯಿರಿ.

ಬೆಂಗಳೂರಿನ ಚಾಮರಾಜಪೇಟೆಯಲ್ಲಿ ನಮ್ಮ ಚಿಕ್ಕಮ್ಮನ ಮನೆ ಇದೆ. ಕನ್ನಡ ಸಾಹಿತ್ಯ ಪರಿಷತ್ತು ಇರುವುದು ಆ ಪೇಟೆಯಲ್ಲೇ. ಅಲ್ಲಿ 1939ರಲ್ಲಿ ಶುರುವಾದ ರಾಮನವಮಿ ಸಂಗೀತೋತ್ಸವಕ್ಕೆ ದೊಡ್ಡ ದೊಡ್ಡ ವಿದ್ವಾಂಸರು ಬರುತ್ತಾರೆ. ಆದರೆ ಕಾಲೇಜಿಗೆ ಹೋಗುವ ಚಿಕ್ಕಮ್ಮನ ಮಗಳು, ನಮ್ಮಕ್ಕ, ಕೇಳುವುದೇ ಬೇರೆ. "ಸಿನಿಮಾದವರು ಕರೀಲಿ ಅಂತ ಕಾಯದೆ, ತಮ್ಮ ಹಾಡು ತಾವೇ ಕಟ್ಟಿ ಹಾಡುವವರು ಇದ್ದಾರೆ ಕಣೇ, ಕೇಳು" ಎಂದು ರಜೆಯಲ್ಲಿ ನನಗೂ ಕೇಳಿಸಿದಳು. ಸ್ವರಾತ್ಮ ಎಂಬ ತಂಡದ ಮೊದಲ ಆಲ್ಬಮ್ 2009ರಲ್ಲಿ ಬಂತಂತೆ. ಅದರಲ್ಲಿ ಹಾಡುವ ವಾಸು ದೀಕ್ಷಿತ್ ಅವರ ಅಣ್ಣ ರಘು ದೀಕ್ಷಿತ್. ಅವರ ಮೊದಲ ಆಲ್ಬಮ್ 2008ರದು. ಗಿಟಾರು, ಡ್ರಮ್ಮು ಜೋರಾಗಿ ಬಾರಿಸುವ ರಾಕ್ ಸಂಗೀತಕ್ಕೆ ಇವರು ನಮ್ಮ ಜಾನಪದ ಸೇರಿಸಿದ್ದಾರೆ. ಅಕ್ಕ "ಇದು ಸೋಲ್" ಎಂದು ಇನ್ನೊಂದು ಹಾಡು ಹಾಕಿದಾಗ "ಯಾರು ಸೋತರು?" ಎಂದೆ. ಬಿದ್ದು ಬಿದ್ದು ನಕ್ಕಳು. ಸೋಲ್ ಅಂದರೆ ಆತ್ಮ. ಅಮೆರಿಕದ ಕಪ್ಪು ಜನ ಚರ್ಚಿನ ಹಾಡುಗಳಿಂದ 1950ರ ದಶಕದಲ್ಲಿ ಬೆಳೆಸಿದ ಸಂಗೀತವಂತೆ. ನಮ್ಮ ಭಜನೆ ಮನೆಯಲ್ಲಿ ಹಾಡುವುದೂ ಆತ್ಮದ ಹಾಡೇ ಅಲ್ವಾ?

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ರಘು ದೀಕ್ಷಿತ್ ಗಿಟಾರ್ ಹಿಡಿದು ಹಾಡುವ ಹಾಡುಗಳಲ್ಲಿ ಶಿಶುನಾಳ ಶರೀಫರ ತತ್ವಪದಗಳೂ ಇವೆ. ಶರೀಫರು 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡರು. ಸ್ವಲ್ಪ ಕಾಲ ಶಾಲಾ ಮೇಷ್ಟ್ರೂ ಆಗಿದ್ದರು. ಅವರ ಕಾಲದಲ್ಲಿ ರೇಡಿಯೋ ಎಲ್ಲಿತ್ತು? ಕ್ಯಾಸೆಟ್ ಎಲ್ಲಿತ್ತು? ಸಿ. ಅಶ್ವತ್ಥ್ ಅವರ ಸಂಗೀತದ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂದದ್ದು 1990ರಲ್ಲಿ. ಅಷ್ಟು ವರ್ಷ ಆ ಪದಗಳನ್ನು ಬಾಯಿಂದ ಬಾಯಿಗೆ ದಾಟಿಸಿದವರಲ್ಲಿ ಹಳ್ಳಿಯ ಭಜನೆಯವರು, ಏಕತಾರಿ ಹಿಡಿದವರು ಎಷ್ಟೋ ಜನ. ಅವರ ಹೆಸರು ಯಾರಿಗೂ ಗೊತ್ತಿಲ್ಲ. ಅವರು ಹಾಡದೇ ಹೋಗಿದ್ದರೆ ಎಷ್ಟು ಪದಗಳು ಉಳಿಯುತ್ತಿದ್ದವೋ!

ನಮ್ಮೂರಲ್ಲೂ ಅಂಥವರು ಒಬ್ಬರಿದ್ದಾರೆ. ಸೋಮವಾರ ಸೋಮವಾರ ಭಜನೆ ಮನೆಯಲ್ಲಿ ಹಾಡುವ ತಾತ ನಿಮಗೆಲ್ಲ ಗೊತ್ತು. ಪುಸ್ತಕ ನೋಡದೆ ರಾತ್ರಿಯೆಲ್ಲ ಹಾಡುತ್ತಾರೆ. ನಾವು ಚರುಪು ತಗೊಂಡು ಓಡಿ ಬರುತ್ತೇವೆ. ಶಾಲೆಯ ವಾರ್ಷಿಕೋತ್ಸವಕ್ಕೆ ಅವರನ್ನು ಒಂದು ಸಲವೂ ಕರೆದಿಲ್ಲ. ಸಿನಿಮಾ ಹಾಡು ಹಾಕಿಕೊಂಡು ಕುಣಿಯುತ್ತೇವೆ. ಹಿತ್ತಲ ಗಿಡ ಮದ್ದಲ್ಲ ಅನ್ನೋದು ಇದಕ್ಕೇ.

ಕೆಲವರು "ಆ ಹಾಡಿಗೆ ಕುಣಿಯೋಕೆ ಆಗಲ್ಲ" ಅನ್ನುತ್ತಾರೆ. ರಘು ದೀಕ್ಷಿತ್ ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಕುಣಿಯುತ್ತಾರೆ. 2010ರಲ್ಲಿ ಲಂಡನ್ನಿನ ಬಿಬಿಸಿ ಟಿವಿಯಲ್ಲೂ ಹಾಡಿ ಬಂದರು. ಅವರಿಗೆ ಆಗುವುದು ನಮಗೆ ಯಾಕೆ ಆಗಲ್ಲ? ಸಿನಿಮಾ ಹಾಡು ಬೇಡ ಎಂದು ನಾನು ಹೇಳುತ್ತಿಲ್ಲ, ನನಗೂ ಇಷ್ಟ. ಅದೊಂದೇ ಸಾಕು ಅನ್ನುವುದು ಬೇಡ.

ಅಂಕೋಲದ ಸುಕ್ರಿ ಬೊಮ್ಮಗೌಡ ಅಜ್ಜಿ ಓದು ಬರಹ ಕಲಿತವರಲ್ಲ. ಹಾಲಕ್ಕಿ ಒಕ್ಕಲಿಗರ ಹಾಡುಗಳೆಲ್ಲ ಅವರ ನೆನಪಿನಲ್ಲೇ ಇದ್ದವು. 2017ರಲ್ಲಿ ಪದ್ಮಶ್ರೀ ಬಂತು. 2025ರಲ್ಲಿ ಅವರು ತೀರಿಕೊಂಡರು. ಬರೆದಿಡದ ಹಾಡು ಹಾಡುವವರ ಜೊತೆಯೇ ಹೋಗಿಬಿಡುತ್ತದೆ. ನಮ್ಮ ತಾತನಿಗೂ ಈಗ ಕೆಮ್ಮು ಜಾಸ್ತಿಯಾಗಿದೆ.

ಅದಕ್ಕೆ ನನ್ನ ಮೂರು ಸಲಹೆಗಳು:

1. ಪ್ರತಿಯೊಬ್ಬರೂ ಮನೆಯ ಅಥವಾ ಕೇರಿಯ ಹಿರಿಯರಿಂದ ಒಂದು ಹಾಡು ಕೇಳಿ ಬರೆದು ತರಬೇಕು. ಹಾಡಿದವರ ಹೆಸರನ್ನೂ ಬರೆಯಬೇಕು.

2. ಈ ಸಲದ ವಾರ್ಷಿಕೋತ್ಸವದಲ್ಲಿ ತಾತನಿಗೆ ಮೈಕು ಕೊಟ್ಟು ಅರ್ಧ ಗಂಟೆ ಹಾಡಿಸಬೇಕು. ಕರಪತ್ರದಲ್ಲಿ ಅವರ ಹೆಸರು ಇರಬೇಕು.

3. ಅವರ ಹತ್ತಿರ ಎರಡು ಪದವನ್ನಾದರೂ ನಾವು ಕಲಿಯಬೇಕು. ತಾಳ ಹಾಕಲು ನಾನು ರೆಡಿ.

ಗುರುಗಳು ದಯವಿಟ್ಟು ಯೋಚಿಸಬೇಕು. ಗೆಳೆಯರೇ, ಒಪ್ಪದಿದ್ದರೆ ಮುಂದಿನ ತಿಂಗಳ ಗೋಡೆ ಪತ್ರಿಕೆಯಲ್ಲಿ ಉತ್ತರ ಬರೆಯಿರಿ. ಆದರೆ ಬರೆಯುವ ಮೊದಲು ಒಂದು ಸೋಮವಾರ ಚರುಪು ತಿಂದ ಮೇಲೂ ಕೂತು ಕೇಳಿ.

— 7ನೇ ತರಗತಿ ವಿದ್ಯಾರ್ಥಿನಿ